ಅಟ್ಟದಲ್ಲಿ ಸಿಕ್ಕ ಎಆರ್‌ಜೆ ಫ್ಲಾಪಿಗಳು: ಬಿಚ್ಚುವುದು ಹೇಗೆ, ಮತ್ತೆ ಕಟ್ಟಿಡುವುದು ಯಾವುದರಲ್ಲಿ?

ಅಚ್ಚಿನಮನೆ (ಸೋಮವಾರ, ಬೆಳಿಗ್ಗೆ 9.40)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಸಾಗರದಲ್ಲಿ 1996ರಿಂದ 2004ರವರೆಗೆ ಒಂದು ಚಿಕ್ಕ ಮಾಸಪತ್ರಿಕೆ ನಡೆಸುತ್ತಿದ್ದರು. ಸಂಪಾದಕರೂ ಅವರೇ, ಪುಟ ಜೋಡಿಸುವವರೂ ಅವರೇ. ಮೊನ್ನೆ ಮನೆಯ ಹೆಂಚು ಬದಲಾಯಿಸುವಾಗ ಅಟ್ಟದಿಂದ ಒಂದು ತಗಡಿನ ಡಬ್ಬಿ ಇಳಿಯಿತು. ಒಳಗೆ 58 ಫ್ಲಾಪಿ, 9 ಸಿಡಿ. ಪ್ರತಿಯೊಂದರ ಮೇಲೂ ಅಪ್ಪನ ದುಂಡನೆಯ ಅಕ್ಷರ: "ಯುಗಾದಿ 97, 7ರಲ್ಲಿ 1", "ಯುಗಾದಿ 97, 7ರಲ್ಲಿ 2", ಹೀಗೆ. ಮುದ್ರಿತ ಪ್ರತಿಗಳಲ್ಲಿ ಅರ್ಧದಷ್ಟು ಗೆದ್ದಲಿಗೆ ಹೋಗಿವೆ. ಹಾಗಾಗಿ ಆ ಸಂಚಿಕೆಗಳು ಉಳಿದಿರುವುದು ಬಹುಶಃ ಈ ಡಬ್ಬಿಯಲ್ಲಿ ಮಾತ್ರ.

ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿ ನೋಡಿದೆ. ಮೊದಲ ಫ್ಲಾಪಿಯಲ್ಲಿ ಎಆರ್‌ಜೆ ಎಂದು ಕೊನೆಗೊಳ್ಳುವ ಒಂದೇ ಫೈಲ್. ಎರಡನೆಯದರಲ್ಲಿ ಎ01, ಕೊನೆಯದರಲ್ಲಿ ಎ06. ನಾಲ್ಕನೆಯ ಫ್ಲಾಪಿ ಓದುತ್ತಲೇ ಇಲ್ಲ, ಕರಕರ ಸದ್ದು ಮಾಡುತ್ತದೆ. ಸಿಡಿಗಳಲ್ಲಿ ಜಿಪ್ ಮತ್ತು ರಾರ್ ಫೈಲ್‌ಗಳಿವೆ. ನನ್ನ ವಿಂಡೋಸ್ 11ರಲ್ಲಿ ಜಿಪ್ ತೆರೆಯುತ್ತದೆ, ಎಆರ್‌ಜೆ ತೆರೆಯುವುದಿಲ್ಲ.

ಎರಡು ಪ್ರಶ್ನೆಗಳಿವೆ. ಇವನ್ನು ಬಿಚ್ಚುವುದು ಹೇಗೆ? ಬಿಚ್ಚಿದ ಮೇಲೆ, ಇನ್ನು 25 ವರ್ಷ ಕಳೆದರೂ ನನ್ನ ಮಗಳಿಗೆ ಈ ಪಾಡು ಬಾರದಂತೆ ಯಾವ ರೂಪದಲ್ಲಿ ಇಡಬೇಕು?

ತುಂಗಾತೀರ

ಎಆರ್‌ಜೆ! ಫೈಲ್‌ಗಳನ್ನು ಕುಗ್ಗಿಸಿ ಒಂದೇ ಗಂಟಾಗಿ ಕಟ್ಟಲು ರಾಬರ್ಟ್ ಜಂಗ್ ಬರೆದ ಪ್ರೋಗ್ರಾಮ್. ನಮ್ಮ ಡಾಸ್ ದಿನಗಳಲ್ಲಿ ದೊಡ್ಡ ಫೈಲನ್ನು ಹಲವು ಫ್ಲಾಪಿಗಳಿಗೆ ಹಂಚಲು ಅದರಷ್ಟು ನಂಬಿಕೆಯದು ಇನ್ನೊಂದು ಇರಲಿಲ್ಲ. 1.44 ಎಂಬಿ ತುಂಬಿದ ತಕ್ಷಣ ನಿಂತು "ಮುಂದಿನ ಡಿಸ್ಕ್ ಹಾಕಿ" ಎನ್ನುತ್ತಿತ್ತು. ನಿಮ್ಮ ತಂದೆಯವರು ಬಹಳ ಯೋಚಿಸಿ ಆರಿಸಿದ್ದಾರೆ.

ಫ್ಲಾಪಿಯಿಂದ ನೇರವಾಗಿ ಬಿಚ್ಚಬೇಡಿ. ಓದಲು ಸಾಧ್ಯವಾದ ಆರನ್ನೂ ಹಾರ್ಡ್‌ಡಿಸ್ಕಿನ ಒಂದೇ ಫೋಲ್ಡರಿಗೆ ನಕಲು ಮಾಡಿಕೊಳ್ಳಿ. 7-ಜಿಪ್ ಎಂಬ ಪ್ರೋಗ್ರಾಮ್ ಎಆರ್‌ಜೆಯನ್ನು ಓದುತ್ತದೆ, ಆದರೆ ತುಂಡಾದ ಸರಣಿಗೆ ಮೂಲ ಎಆರ್‌ಜೆ ಪ್ರೋಗ್ರಾಮೇ ಒಳ್ಳೆಯದು. ಡಾಸ್ ಕಾಲದ ಪ್ರೋಗ್ರಾಮುಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಒಳಗೆ ಅದು ಇವತ್ತಿಗೂ ಓಡುತ್ತದೆ. ಲಿನಕ್ಸ್ ಇದ್ದರೆ ಇನ್ನೂ ಸುಲಭ, ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಎಆರ್‌ಜೆ ಎಂಬ ಹೆಸರಿನಲ್ಲೇ ಪ್ಯಾಕೇಜ್ ಇದೆ. ಬಿಚ್ಚುವ ಆಜ್ಞೆಗೆ "ವಿ" ಎಂಬ ಆಯ್ಕೆ ಸೇರಿಸಿದರೆ ಒಂದರ ಹಿಂದೆ ಒಂದರಂತೆ ಎಲ್ಲ ತುಂಡುಗಳನ್ನೂ ತಾನೇ ಹುಡುಕಿಕೊಳ್ಳುತ್ತದೆ.

ಕಡತಪ್ರೇಮಿ

ಅದಕ್ಕೂ ಮೊದಲು ಫ್ಲಾಪಿಯ ಮೂಲೆಯಲ್ಲಿರುವ ಸಣ್ಣ ಗುಂಡಿಯನ್ನು ಸರಿಸಿ ಕಿಂಡಿ ತೆರೆದಿಡಿ. ಆಗ ಅದರ ಮೇಲೆ ಏನೂ ಬರೆಯಲು ಆಗುವುದಿಲ್ಲ. ವಿಂಡೋಸ್ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಿದರೆ ಬೇಡ ಎನ್ನಿ.

ಚೀಲದಂಗಡಿ

ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಟಾರ್, ಹಲವು ಫೈಲ್‌ಗಳನ್ನು ಒಂದೇ ಫೈಲಾಗಿ ಕಟ್ಟುವ ರೂಪ. 1979ರ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಏಳನೆಯ ಆವೃತ್ತಿಯಿಂದ ಬಂದದ್ದು, ಇಂದಿಗೂ ಪ್ರತಿಯೊಂದು ಸರ್ವರ್ ಅದನ್ನು ಓದುತ್ತದೆ. ಟೇಪಿಗಾಗಿ ಹುಟ್ಟಿದ್ದರಿಂದಲೇ ಆ ಹೆಸರು. 512 ಬೈಟ್‌ಗಳ ತುಂಡುಗಳಲ್ಲಿ ಒಂದರ ಹಿಂದೆ ಒಂದು ಫೈಲ್, ಬೇರೆ ಯಾವ ಗೊಂದಲವೂ ಇಲ್ಲ. ಕಟ್ಟುವ ಕೆಲಸ ಬೇರೆ, ಕುಗ್ಗಿಸುವ ಕೆಲಸ ಬೇರೆ ಎಂಬುದು ಯುನಿಕ್ಸ್ ರೀತಿ. ಕುಗ್ಗಿಸಲು ಮೊದಲು ಕಂಪ್ರೆಸ್ ಎಂಬ ಪ್ರೋಗ್ರಾಮ್ ಇತ್ತು, ಪೇಟೆಂಟ್ ತಕರಾರು ಬಂದಾಗ 1992ರಲ್ಲಿ ಜೀ-ಜಿಪ್ ಬಂತು, ಆಮೇಲೆ ಬಿಜಿಪ್2, ಎಕ್ಸ್‌ಜೆಡ್, 2016ರಲ್ಲಿ ಜೆಡ್-ಸ್ಟ್ಯಾಂಡರ್ಡ್. ಕುಗ್ಗಿಸುವ ವಿಧಾನ ನಾಲ್ಕು ಸಲ ಬದಲಾಯಿತು, ಒಳಗಿನ ಟಾರ್ ಬದಲಾಗಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಟಾರ್ ಮಾಡಿ, ಎಕ್ಸ್‌ಜೆಡ್‌ನಿಂದ ಕುಗ್ಗಿಸಿ, ನಿಶ್ಚಿಂತೆಯಾಗಿರಿ.

ಗ್ರಂಥಪಾಲಕಿ

ಚೀಲದಂಗಡಿಯವರೇ, ಟಾರ್ ಬಗ್ಗೆ ನೀವು ಹೇಳಿದ್ದು ಸರಿ, ಎಕ್ಸ್‌ಜೆಡ್ ಬಗ್ಗೆ ಹೇಳಿದ್ದನ್ನು ಒಪ್ಪಲಾರೆ. ಟಾರ್ ಅನ್ನು ಇಡಿಯಾಗಿ ಕುಗ್ಗಿಸಿದರೆ ಅದು ಒಂದೇ ಉದ್ದದ ಹರಿವು. ನಡುವೆ ಒಂದು ಕಡೆ ಕೆಟ್ಟರೆ ಅಲ್ಲಿಂದ ಮುಂದಿನದನ್ನು ಪಡೆಯುವುದು ಬಹಳ ಕಷ್ಟ. ಜಿಪ್‌ನಲ್ಲಿ ಪ್ರತಿ ಫೈಲೂ ಬೇರೆ ಬೇರೆಯಾಗಿ ಕುಗ್ಗಿರುತ್ತದೆ. ಒಂದು ಕೆಟ್ಟರೆ ಆ ಒಂದೇ ಹೋಗುತ್ತದೆ. ಎಕ್ಸ್‌ಜೆಡ್ ದೀರ್ಘಕಾಲದ ಸಂಗ್ರಹಕ್ಕೆ ತಕ್ಕದ್ದಲ್ಲ ಎಂದು ಆಂಟೋನಿಯೊ ಡಿಯಾಜ್ ಡಿಯಾಜ್ ವಿವರವಾಗಿ ಬರೆದಿದ್ದಾರೆ. ಎಲ್-ಜಿಪ್ ಎಂಬ ಕುಗ್ಗಿಸುವ ಪ್ರೋಗ್ರಾಮ್ ರಚಿಸಿದವರು ಅವರು. ಕೆಟ್ಟ ಡಿಸ್ಕುಗಳಿಂದ ಮಾಹಿತಿ ಹೊರತೆಗೆಯುವ ಡಿಡಿರೆಸ್ಕ್ಯೂ ಬರೆದವರೂ ಅವರೇ. ಅಚ್ಚಿನಮನೆಯವರೇ, ಆ ನಾಲ್ಕನೆಯ ಫ್ಲಾಪಿಗೆ ನಿಮಗೆ ಬೇಕಾಗಿರುವುದು ಈ ಡಿಡಿರೆಸ್ಕ್ಯೂ. ಓದಲು ಬರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಂದು ಡ್ರೈವ್ ಸೋತಲ್ಲಿ ಇನ್ನೊಂದು ಗೆಲ್ಲಬಹುದು, ಹಳೆಯ ಡ್ರೈವ್ ಯಾರ ಬಳಿಯಾದರೂ ಇದ್ದರೆ ಕೇಳಿ ನೋಡಿ.

ಚೀಲದಂಗಡಿ

ಒಪ್ಪಿದೆ, ಕುಗ್ಗಿಸದ ಬರಿಯ ಟಾರ್ ಎಂದು ತಿದ್ದಿಕೊಳ್ಳುತ್ತೇನೆ. ಟಾರ್ ಅನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ನವಿಲುಗರಿ

ಇಷ್ಟೆಲ್ಲ ಯಾಕೆ? ರಾರ್ ಇದೆಯಲ್ಲ. ಉಚಿತ, ಚಿಕ್ಕದಾಗಿ ಕುಗ್ಗುತ್ತದೆ, ಕೆಟ್ಟರೆ ಸರಿಪಡಿಸಿಕೊಳ್ಳುವ ರಿಕವರಿ ರೆಕಾರ್ಡ್ ಕೂಡ ಇದೆ.

ತುಂಗಾತೀರ

ಉಚಿತವಲ್ಲ. ವಿನ್‌ರಾರ್ ಕೊಡುವುದು 40 ದಿನಗಳ ಪರೀಕ್ಷಾ ಅವಧಿ. ಅದು ಮುಗಿದ ಮೇಲೂ ಪ್ರೋಗ್ರಾಮ್ ನಿಲ್ಲದೆ ಓಡುತ್ತದೆ ಎಂದ ಮಾತ್ರಕ್ಕೆ ಉಚಿತವಾಗುವುದಿಲ್ಲ. ರಿಕವರಿ ರೆಕಾರ್ಡ್ ವಿಷಯದಲ್ಲಿ ನಿಮ್ಮ ಮಾತು ನಿಜ, ಅದು ಜಿಪ್‌ಗೆ ಇಲ್ಲದ ಗುಣ. ಆದರೆ ರಾರ್ ಕಟ್ಟುವ ಹಕ್ಕು ಒಬ್ಬರ ಕೈಯಲ್ಲಿದೆ. ಬಿಚ್ಚುವ ಅನ್‌ರಾರ್‌ನ ಮೂಲ ಸಂಕೇತವನ್ನು ಕೊಡುತ್ತಾರೆ, ಅದರ ಆಧಾರದಿಂದ ರಾರ್ ಕಟ್ಟುವ ಪ್ರೋಗ್ರಾಮ್ ಬರೆಯಬಾರದು ಎಂಬ ಷರತ್ತಿನೊಂದಿಗೆ. 2013ರಲ್ಲಿ ರಾರ್5 ಬಂದಾಗ ಹಳೆಯ ವಿನ್‌ರಾರ್ ಇದ್ದವರು ಹೊಸ ಫೈಲ್ ತೆರೆಯಲಾಗದೆ ಒದ್ದಾಡಿದ್ದನ್ನು ನಾನೇ ನೋಡಿದ್ದೇನೆ.

ಒಬ್ಬ ಮನುಷ್ಯ ಅಥವಾ ಒಂದು ಕಂಪನಿ ಇರುವವರೆಗೆ ಮಾತ್ರ ಬದುಕುವ ರೂಪದಲ್ಲಿ ಅಪ್ಪನ ಪತ್ರಿಕೆಯನ್ನು ಇಡಬಾರದು. ನನ್ನ ಹಟ ಇಷ್ಟೇ.

ಧಾರವಾಡ ಪೇಡೆ

ಜಿಪ್ ಕೂಡ ಕಂಪನಿಯದೇ ಅಲ್ಲವೇ? ವಿನ್‌ಜಿಪ್‌ನವರು ಕಂಡುಹಿಡಿದದ್ದು.

ಕಡತಪ್ರೇಮಿ

ಅಲ್ಲ. ವಿನ್‌ಜಿಪ್ ಬಂದದ್ದು 1991ರಲ್ಲಿ. ಜಿಪ್ ಅದಕ್ಕೂ ಎರಡು ವರ್ಷ ಮೊದಲೇ ಇತ್ತು.

ಕಥೆ ಹೀಗಿದೆ. ಅಮೆರಿಕದಲ್ಲಿ ಎಸ್‌ಇಎ ಎಂಬ ಚಿಕ್ಕ ಕಂಪನಿಯ ಎಆರ್‌ಸಿ ಎಂಬ ರೂಪ 1980ರ ದಶಕದ ನಡುವೆ ಎಲ್ಲ ಕಡೆ ಬಳಕೆಯಲ್ಲಿತ್ತು. ಮಿಲ್ವಾಕಿಯ ಫಿಲ್ ಕಾಟ್ಜ್ ಅದನ್ನೇ ಹೆಚ್ಚು ವೇಗವಾಗಿ ಮಾಡುವ ಪ್ರೋಗ್ರಾಮ್ ಬರೆದರು. ಎಸ್‌ಇಎ 1988ರಲ್ಲಿ ನ್ಯಾಯಾಲಯಕ್ಕೆ ಹೋಯಿತು, ಕೊನೆಗೆ ರಾಜಿಯಾಯಿತು. ಕಾಟ್ಜ್ ಎಆರ್‌ಸಿಯನ್ನು ಬಿಟ್ಟು 1989ರಲ್ಲಿ ಹೊಸದಾಗಿ ಜಿಪ್ ರೂಪಿಸಿದರು. ರೂಪದ ವಿವರಣೆಯನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು, ಯಾರು ಬೇಕಾದರೂ ಬಳಸಬಹುದು ಎಂದು. ಆ ಕಡತ ಇವತ್ತಿಗೂ ಹೊಸ ಆವೃತ್ತಿಗಳೊಂದಿಗೆ ಪ್ರಕಟವಾಗುತ್ತಿದೆ. 1993ರ ಆವೃತ್ತಿಯೊಂದಿಗೆ ನೆಲೆಯೂರಿದ ಡಿಫ್ಲೇಟ್ ಎಂಬ ಕುಗ್ಗಿಸುವ ವಿಧಾನವೇ ಜೀ-ಜಿಪ್‌ನಲ್ಲಿದೆ, ಪಿಎನ್‌ಜಿ ಚಿತ್ರಗಳಲ್ಲಿದೆ. ಕಾಟ್ಜ್ 2000ದಲ್ಲಿ 37ನೆಯ ವಯಸ್ಸಿಗೇ ತೀರಿಹೋದರು. ಯಾವುದೇ ಜಿಪ್ ಫೈಲನ್ನು ಬೈಟುಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ನೋಡಿ, ಮೊದಲ ಎರಡು ಅಕ್ಷರ "ಪಿಕೆ". ಅವರ ಹೆಸರಿನ ಮೊದಲಕ್ಷರಗಳು.

ವರ್ಡ್‌ನ ಡಾಕ್ಸ್ ಫೈಲಿನಲ್ಲೂ ಅದೇ "ಪಿಕೆ" ಕಾಣುತ್ತದೆ. 2007ರ ಆಫೀಸ್‌ನಿಂದ ಡಾಕ್ಸ್ ಎಂದರೆ ಒಳಗೆ ಜಿಪ್. ಇ-ಪುಸ್ತಕದ ಇಪಬ್, ಆಂಡ್ರಾಯ್ಡ್‌ನ ಎಪಿಕೆ, ಜಾವಾದ ಜಾರ್, ಲಿಬ್ರೆಆಫೀಸ್‌ನ ಓಡಿಟಿ ಎಲ್ಲವೂ ಅಷ್ಟೇ. ಜಿಪ್ ಸತ್ತರೆ ಇವೆಲ್ಲ ಸಾಯಬೇಕು. 2015ರಲ್ಲಿ ಐಎಸ್‌ಒ 21320-1 ಎಂದು ಜಿಪ್ ಆಧಾರಿತ ಪೆಟ್ಟಿಗೆಗೆ ಅಂತರರಾಷ್ಟ್ರೀಯ ಮಾನದಂಡವೂ ಬಂದಿದೆ.

ಧಾರವಾಡ ಪೇಡೆ

ಡಾಕ್ಸ್ ಹೆಸರನ್ನು ಜಿಪ್ ಎಂದು ಬದಲಿಸಿ ಈಗಲೇ ತೆರೆದೆ. ನಿಜ! ಒಳಗೆ "ಮೀಡಿಯಾ" ಎಂಬ ಫೋಲ್ಡರಿನಲ್ಲಿ ಚಿತ್ರಗಳೆಲ್ಲ ಸಾಲಾಗಿ ಇವೆ. ಇಷ್ಟು ವರ್ಷ ಒಂದೊಂದೇ ಚಿತ್ರವನ್ನು ಬಲಗುಂಡಿ ಒತ್ತಿ ಉಳಿಸಿಕೊಳ್ಳುತ್ತಿದ್ದೆ. ಧನ್ಯವಾದಗಳು.

ಅದಿರಲಿ, 2003ರಲ್ಲಿ ಇಲ್ಲಿನ ಸೈಬರ್ ಕೆಫೆಯಲ್ಲಿ ಒಂದು ಮೋಡೆಮ್ ಡ್ರೈವರ್ ಇಳಿಸಿಕೊಳ್ಳಲು ಎರಡು ಗಂಟೆಯ ಹಣ ಕೊಟ್ಟಿದ್ದೆ. ಇನ್ನೇನು ಮುಗಿಯಬೇಕು, ವಿದ್ಯುತ್ ಹೋಯಿತು. ಬಹುಪಾಲು ಬಂದಿತ್ತಲ್ಲ, ಅಷ್ಟನ್ನಾದರೂ ನೋಡೋಣ ಎಂದರೆ ಜಿಪ್ ಒಂದಿಷ್ಟೂ ತೆರೆಯಲಿಲ್ಲ. ಯಾಕೆ ಎಂದು ಇವತ್ತಿಗೂ ಅರ್ಥವಾಗಿಲ್ಲ.

ಕಡತಪ್ರೇಮಿ

ಜಿಪ್‌ನ ಪರಿವಿಡಿ ಇರುವುದು ಕೊನೆಯ ಪುಟದಲ್ಲಿ. ತೆರೆಯುವ ಪ್ರೋಗ್ರಾಮ್ ಮೊದಲು ಬಾಲಕ್ಕೆ ಹೋಗಿ ಅಲ್ಲಿಂದ ಯಾವ ಫೈಲ್ ಎಲ್ಲಿದೆ ಎಂದು ತಿಳಿದುಕೊಳ್ಳುತ್ತದೆ. ಫ್ಲಾಪಿ ಕಾಲದಲ್ಲಿ ಇದು ಅನುಕೂಲವಾಗಿತ್ತು. ಹೊಸ ಫೈಲ್ ಸೇರಿಸಬೇಕಾದರೆ ಕೊನೆಯನ್ನು ಮಾತ್ರ ತಿದ್ದಿದರೆ ಸಾಕಿತ್ತು. ನಿಮಗೆ ಆ ಬಾಲವೇ ಸಿಕ್ಕಿರಲಿಲ್ಲ. ಆದರೆ ಪ್ರತಿ ಫೈಲಿನ ಮುಂದೆಯೂ ಅದರದೇ ಒಂದು ಚಿಕ್ಕ ತಲೆಬರಹ ಇರುತ್ತದೆ. ಅದನ್ನು ಹಿಡಿದು ದುರಸ್ತಿ ಮಾಡುವ ಆಯ್ಕೆ ಜಿಪ್ ಆಜ್ಞೆಯಲ್ಲೇ ಇದೆ.

ಸೇಬುಹಣ್ಣು

ಮ್ಯಾಕ್ ಬಳಸುವವರ ಪಾಡನ್ನು ಯಾರೂ ಹೇಳುತ್ತಿಲ್ಲ. ಹಳೆಯ ಮ್ಯಾಕ್‌ನಲ್ಲಿ ಒಂದು ಫೈಲಿಗೆ ಎರಡು ಕವಲು, ಒಂದರಲ್ಲಿ ಮಾಹಿತಿ, ಇನ್ನೊಂದರಲ್ಲಿ ಐಕಾನ್ ಮುಂತಾದ ಸಂಪನ್ಮೂಲ. ಸಾಮಾನ್ಯ ಜಿಪ್ ಮಾಡಿದರೆ ಎರಡನೆಯ ಕವಲು ಕಳೆದುಹೋಗುತ್ತಿತ್ತು. ಅದಕ್ಕಾಗಿ ಸ್ಟಫ್‌ಇಟ್ ಇತ್ತು. 1987ರಲ್ಲಿ ಅದನ್ನು ಬರೆದಾಗ ರೇಮಂಡ್ ಲಾವ್ ಇನ್ನೂ ಪ್ರೌಢಶಾಲೆಯ ಹುಡುಗ! 2003ರ ಪ್ಯಾಂಥರ್ ಆವೃತ್ತಿಯಿಂದ ಮ್ಯಾಕ್ ತಾನೇ ಜಿಪ್ ಮಾಡತೊಡಗಿತು, ಎರಡನೆಯ ಕವಲನ್ನು ಬೇರೆ ಫೋಲ್ಡರಿನಲ್ಲಿ ಇಟ್ಟು. ನಾನು ಬೆಂಗಳೂರಿನ ಒಂದು ಮುದ್ರಣಾಲಯಕ್ಕೆ ಪುಸ್ತಕದ ಮುಖಪುಟ ಕಳಿಸಿದಾಗಲೆಲ್ಲ ಅವರು ಫೋನ್ ಮಾಡಿ "ಒಂದೇ ಹೆಸರಿನ ಎರಡು ಫೈಲ್ ಬಂದಿವೆ, ಒಂದು ತೆರೆಯುತ್ತಿಲ್ಲ, ಯಾವುದು ಸರಿ?" ಎಂದು ಕೇಳುತ್ತಿದ್ದರು. ಒಮ್ಮೆ ಆ ಗೊಂದಲದಲ್ಲೇ ಹಳೆಯ ಮುಖಪುಟ ಅಚ್ಚಾಗಿ ಸಾವಿರ ಪ್ರತಿ ವ್ಯರ್ಥವಾಯಿತು. ಅಂದಿನಿಂದ ಮ್ಯಾಕ್‌ನ ಜಿಪ್ ಅನ್ನು ಹೊರಗೆ ಕಳಿಸುವ ಮೊದಲು ಆ ಹೆಚ್ಚುವರಿ ಫೋಲ್ಡರನ್ನು ತೆಗೆದೇ ಕಳಿಸುತ್ತೇನೆ.

ಮೇಷ್ಟರ ಮಗ

ಕನ್ನಡದ ಹೆಸರುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅಚ್ಚಿನಮನೆಯವರೇ, ಹೊಸದಾಗಿ ಕಟ್ಟುವಾಗ ಫೈಲಿಗೆ "ಯುಗಾದಿ ವಿಶೇಷಾಂಕ" ಎಂದು ಕನ್ನಡದಲ್ಲೇ ಹೆಸರಿಡಬೇಕೆಂದು ನಿಮಗೆ ಅನ್ನಿಸಬಹುದು. ಇಡಿ, ಆದರೆ ಇದನ್ನು ತಿಳಿದು ಇಡಿ.

ಜಿಪ್ ಹುಟ್ಟಿದ್ದು ಅಮೆರಿಕದ ಡಾಸ್ ಯಂತ್ರದ ಮೇಲೆ. ಅದರ ಮೂಲ ಅಕ್ಷರಪಟ್ಟಿ 437ನೆಯ ಕೋಡ್‌ಪೇಜ್, ಅದರಲ್ಲಿ ಒಟ್ಟು 256 ಸಂಕೇತಗಳು ಮಾತ್ರ. ಹೆಸರು ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್‌ನಲ್ಲಿದೆ ಎಂದು ಹೇಳುವ ಒಂದು ಬಿಟ್‌ನ ಗುರುತು ಬಹಳ ತಡವಾಗಿ ಸೇರಿತು. ಆ ಗುರುತು ಹಾಕದ ಪ್ರೋಗ್ರಾಮಿನಲ್ಲಿ ಕಟ್ಟಿ, ಇನ್ನೊಂದು ಕಡೆ ಬಿಚ್ಚಿದರೆ ಕನ್ನಡದ ಹೆಸರು ಗ್ರೀಕ್ ಆಲ್ಫಾ, ಚುಕ್ಕಿ ತುಂಬಿದ ಚೌಕ, ನಿಂತ ಗೆರೆ, ಮತ್ತೆ ಆಲ್ಫಾ ಎಂದು ಕಾಣುತ್ತದೆ. ಅದಕ್ಕೆ ಕಾರಣವಿದೆ. ಯುನಿಕೋಡ್ ಅನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ರೀತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಮೊದಲನೆಯದು ಯಾವಾಗಲೂ ಒಂದೇ, ಆ ಹಳೆಯ ಪಟ್ಟಿಯಲ್ಲಿ ಅದು ಆಲ್ಫಾ. ಎರಡನೆಯದು ಎರಡರಲ್ಲಿ ಒಂದು, ಚೌಕ ಅಥವಾ ಗೆರೆ. ಈ ಆಲ್ಫಾಗಳ ಸಾಲು ಕಂಡರೆ ಒಳಗೆ ಭಾರತದ ಯಾವುದೋ ಲಿಪಿ ಇದೆ ಎಂದು ಧೈರ್ಯವಾಗಿ ಊಹಿಸಬಹುದು. ವಿಂಡೋಸ್ ಎಕ್ಸ್‌ಪಿಯಂತೂ ಕನ್ನಡ ಹೆಸರಿನ ಫೈಲನ್ನು ಜಿಪ್ ಒಳಗೆ ಸೇರಿಸಿಕೊಳ್ಳಲು ನಿರಾಕರಿಸುತ್ತಿತ್ತು. ನಮ್ಮ ತಂದೆ ಶಾಲೆಯ ವರದಿಗಳಿಗೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬದಲಿಸಿ, ಯಾವುದು ಯಾವುದೆಂದು ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಅವರವರ ಭಾಷೆಯಲ್ಲಿ ಹೆಸರಿಡುವುದು ಯಾರೂ ಕೃಪೆ ತೋರಿ ಕೊಡಬೇಕಾದದ್ದಲ್ಲ.

ಟಾರ್ ಪಕ್ಷದವರಿಗೂ ಹೇಳುತ್ತೇನೆ. ಹಳೆಯ ಟಾರ್‌ನಲ್ಲಿ ಹೆಸರಿಗೆ ಇದ್ದ ಜಾಗ 100 ಬೈಟ್. ಕನ್ನಡದಲ್ಲಿ ಅದು 33 ಸಂಕೇತಗಳಿಗೆ ಮುಗಿಯುತ್ತದೆ. "ಕ್ಷ" ಒಂದಕ್ಕೇ 9 ಬೈಟ್ ಬೇಕು.

ಚೀಲದಂಗಡಿ

ಅದು ಹಳೆಯ ಟಾರ್ ಮಾತ್ರ. ಅದರ ಹೊಸ ರೂಪಗಳಾದ ಗ್ನೂ ಟಾರ್ ಮತ್ತು ಪ್ಯಾಕ್ಸ್ ವಿಸ್ತರಣೆಯಲ್ಲಿ ಆ ಮಿತಿ ಇಲ್ಲ, ಹೆಸರು ಯುಟಿಎಫ್-8ರಲ್ಲೇ ಕೂರುತ್ತದೆ. ಆದರೆ "ಕ್ಷ"ದ ಲೆಕ್ಕ ನನಗೆ ಹೊಳೆದಿರಲಿಲ್ಲ. ಲಿನಕ್ಸ್‌ನ ಎಕ್ಸ್ಟ್4 ಎಂಬ ಫೈಲ್ ವ್ಯವಸ್ಥೆಯಲ್ಲಿ ಫೈಲ್ ಹೆಸರಿಗೆ 255 ಬೈಟ್, ಅಂದರೆ ಕನ್ನಡದ 85 ಸಂಕೇತ. ಲೇಖನದ ಪೂರ್ತಿ ಶೀರ್ಷಿಕೆಯನ್ನೇ ಹೆಸರಾಗಿ ಇಟ್ಟಿದ್ದ ಕೆಲವು ಫೈಲ್‌ಗಳು ಯಾಕೆ ಉಳಿಯಲಿಲ್ಲ ಎಂದು ಈಗ ತಿಳಿಯಿತು.

ನವಿಲುಗರಿ

ಹಾಗಾದರೆ ಕನ್ನಡದ ಪಠ್ಯ ಇಂಗ್ಲಿಷಿಗಿಂತ ಮೂರು ಪಟ್ಟು ದೊಡ್ಡದಾಗುತ್ತದೆಯೇ?

ಮೇಷ್ಟರ ಮಗ

ಹಾಗೇ ಇಟ್ಟರೆ ಹೆಚ್ಚುಕಡಿಮೆ ಹಾಗೆಯೇ. ಕುಗ್ಗಿಸಿದರೆ ಆ ಅಂತರ ಬಹಳ ಇಳಿಯುತ್ತದೆ. ಮತ್ತೆ ಮತ್ತೆ ಬರುವ ಅದೇ ಮೊದಲ ಎರಡು ಬೈಟುಗಳನ್ನು ಡಿಫ್ಲೇಟ್ ಸುಲಭವಾಗಿ ನುಂಗಿಬಿಡುತ್ತದೆ.

ಪರೀಕ್ಷಾ ಮಂಡಲಿ

ಪಾಸ್‌ವರ್ಡ್ ಬಗ್ಗೆ ಎಚ್ಚರಿಕೆ. ಒಂದು ಕಾಲೇಜಿನಲ್ಲಿ ಪ್ರಶ್ನೆಪತ್ರಿಕೆಗಳನ್ನು ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲಿ ಕಳಿಸುತ್ತಿದ್ದರು. ಜಿಪ್ ಒಳಗಿನ ಫೈಲ್ ಹೆಸರುಗಳು ಪಾಸ್‌ವರ್ಡ್ ಇಲ್ಲದೆಯೂ ಕಾಣುತ್ತವೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹೆಸರಿನಲ್ಲೇ ಅಧ್ಯಾಯದ ಶೀರ್ಷಿಕೆ ಇತ್ತು! ಹಳೆಯ ಜಿಪ್ ಗೂಢಲಿಪಿಯನ್ನು ಮುರಿಯುವ ದಾರಿಯನ್ನು ಬಿಹಮ್ ಮತ್ತು ಕೋಚರ್ 1994ರಲ್ಲೇ ತೋರಿಸಿದ್ದಾರೆ. ಗುಟ್ಟಾಗಿ ಇಡಬೇಕಾದರೆ 7-ಜಿಪ್‌ನಲ್ಲಿ ಹೆಸರುಗಳನ್ನೂ ಮುಚ್ಚುವ ಆಯ್ಕೆ ಬಳಸಿ. ಪತ್ರಿಕೆಯ ಸಂಗ್ರಹಕ್ಕಂತೂ ಪಾಸ್‌ವರ್ಡ್ ಹಾಕಲೇಬೇಡಿ.

ಕೊಡಚಾದ್ರಿ

ಕಟ್ಟುವ ರೂಪದ ಸುರಕ್ಷತೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಬಿಚ್ಚುವ ಪ್ರೋಗ್ರಾಮೇ ಬಾಗಿಲಾಗಬಹುದು. ಎಸಿಇ ಎಂಬ ಹಳೆಯ ರೂಪವನ್ನು ತೆರೆಯಲು ವಿನ್‌ರಾರ್ ಜೊತೆ ಡಿಎಲ್‌ಎಲ್ ಎಂಬ ಬಗೆಯ ಒಂದು ಹಳೆಯ ಸಹಾಯಕ ಫೈಲ್ ಬರುತ್ತಿತ್ತು. ಅದರಲ್ಲಿದ್ದ ದೋಷ ಬಯಲಾದದ್ದು 2019ರಲ್ಲಿ, ಸುಮಾರು 19 ವರ್ಷಗಳ ನಂತರ. ಕೊನೆಗೆ ಎಸಿಇ ಬೆಂಬಲವನ್ನೇ ಕಿತ್ತುಹಾಕಿದರು. ಇನ್ನು 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್‌ನ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಯಾರೋ ಹಿಂಬಾಗಿಲು ಇಟ್ಟಿದ್ದು ಸಿಕ್ಕಿತು. ಪರೀಕ್ಷೆಗೆಂದು ಇಟ್ಟ ಕುಗ್ಗಿಸಿದ ಫೈಲ್‌ಗಳ ಒಳಗೇ ಅದನ್ನು ಅಡಗಿಸಿದ್ದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ದೂರದ ಸರ್ವರಿಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆ ಎಂಬ ಅನುಮಾನ ಬಾರದೇ ಹೋಗಿದ್ದರೆ ಅದು ಲೋಕದ ಸರ್ವರುಗಳಿಗೆಲ್ಲ ಹರಡುತ್ತಿತ್ತು. ಅರ್ಧ ಸೆಕೆಂಡಿನ ವ್ಯತ್ಯಾಸವನ್ನು ಕಡೆಗಣಿಸದೆ ಅಗೆದು ನೋಡುವವರು ಇರಬೇಕು.

ಧಾರವಾಡ ಪೇಡೆ

ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಲಿನಕ್ಸ್ ಸಿಡಿಗಳು ಯಾರ ಬಳಿಯಾದರೂ ಉಳಿದಿವೆಯೇ? ನಾನು ಟಾರ್ ಎಂಬ ಹೆಸರು ಮೊದಲು ಕೇಳಿದ್ದೇ ಅವುಗಳಿಂದ.

ಚೀಲದಂಗಡಿ

ಎರಡು ಇವೆ. ಬೇರೆ ಚರ್ಚೆ ಆರಂಭಿಸಿ, ಅಲ್ಲಿ ಮಾತಾಡೋಣ.

ಗ್ರಂಥಪಾಲಕಿ

ಮತ್ತೆ ವಿಷಯಕ್ಕೆ ಬರೋಣ. ನಾವೆಲ್ಲ ಹೊರಗಿನ ಗಂಟಿನ ಬಗ್ಗೆ ಜಗಳವಾಡುತ್ತಿದ್ದೇವೆ. 1997ರ ಪತ್ರಿಕೆ ಎಂದರೆ ಒಳಗೆ ಪುಟ ಜೋಡಿಸುವ ಪೇಜ್‌ಮೇಕರ್ ಪ್ರೋಗ್ರಾಮಿನ ಫೈಲ್, ಅದರೊಳಗೆ ಯುನಿಕೋಡ್ ಅಲ್ಲದ ಕನ್ನಡ ಅಕ್ಷರವಿನ್ಯಾಸ ಇರುತ್ತದೆ. ಎಆರ್‌ಜೆ ಬಿಚ್ಚಿದ ಮೇಲೆಯೂ ಆ ಎರಡು ಗಂಟುಗಳು ಉಳಿಯುತ್ತವೆ. ಪುಟ ಜೋಡಿಸುವ ಇನ್ನೊಂದು ಪ್ರೋಗ್ರಾಮ್ ಆದ ಇನ್‌ಡಿಸೈನ್‌ನ ಸಿಎಸ್6 ಆವೃತ್ತಿಯವರೆಗೆ ಪೇಜ್‌ಮೇಕರ್ 6 ಮತ್ತು ಅದರ ನಂತರದ ಫೈಲ್‌ಗಳನ್ನು ತೆರೆಯಬಹುದು, ಆಮೇಲಿನ ಆವೃತ್ತಿಗಳಲ್ಲಿ ಆಗುವುದಿಲ್ಲ. ಆದ್ದರಿಂದ ನನ್ನ ಸಲಹೆ: ಪ್ರತಿ ಸಂಚಿಕೆಗೂ ಮೂಲ ಫ್ಲಾಪಿಯ ಪ್ರತಿಬಿಂಬ, ಬಿಚ್ಚಿದ ಫೈಲ್‌ಗಳು, ಅಕ್ಷರಗಳನ್ನು ಒಳಗೇ ಸೇರಿಸಿದ ಪಿಡಿಎಫ್, ಯುನಿಕೋಡ್‌ಗೆ ಪರಿವರ್ತಿಸಿದ ಬರಿಯ ಪಠ್ಯ. ಬಳಸಿದ ಫಾಂಟ್ ಫೈಲನ್ನೂ ಜೊತೆಗಿಡಿ. ಇವನ್ನು ಕುಗ್ಗಿಸದ ಜಿಪ್‌ನಲ್ಲಿ ಹಾಕಿ, ಮೂರು ಕಡೆ ಇಡಿ. ಒಂದು ಸಂಚಿಕೆ ಹತ್ತು ಎಂಬಿ. ಇವತ್ತಿನ ಒಂದು ಪೆನ್‌ಡ್ರೈವ್‌ನಲ್ಲಿ ನಿಮ್ಮ ತಂದೆಯವರ ಇಡೀ ಡಬ್ಬಿ ಎಷ್ಟೋ ಸಲ ಹಿಡಿಸುತ್ತದೆ. ಅವರು ಕುಗ್ಗಿಸಿದ್ದು ಫ್ಲಾಪಿಯ ದುಡ್ಡು ಉಳಿಸಲು, ನಿಮಗೆ ಆ ಒತ್ತಾಯವಿಲ್ಲ.

ತುಂಗಾತೀರ

ಇದನ್ನು ಒಪ್ಪುತ್ತೇನೆ. ಚೀಲದಂಗಡಿಯವರು?

ಚೀಲದಂಗಡಿ

ಕುಗ್ಗಿಸದ ಜಿಪ್, ಕುಗ್ಗಿಸದ ಟಾರ್. ಎರಡರಲ್ಲೂ ಫೈಲಿನ ಬೈಟುಗಳು ಇದ್ದ ಹಾಗೇ ಇರುತ್ತವೆ. ಈ ಕೆಲಸಕ್ಕೆ ಜಿಪ್ ಇರಲಿ.

ಅಚ್ಚಿನಮನೆ (ಒಂಬತ್ತು ದಿನಗಳ ನಂತರ)

ಎಲ್ಲರಿಗೂ ಋಣಿ. ಪಕ್ಕದ ಬೀದಿಯ ಕಂಪ್ಯೂಟರ್ ದುರಸ್ತಿ ಅಂಗಡಿಯವರು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಡೆಸ್ಕ್‌ಟಾಪ್ ಕೊಟ್ಟರು, ಫ್ಲಾಪಿ ಡ್ರೈವ್ ಸಮೇತ. ಆರು ಫ್ಲಾಪಿಗಳು ನಿರಾಯಾಸವಾಗಿ ಬಂದವು. ನಾಲ್ಕನೆಯದರ ಮೇಲೆ ಡಿಡಿರೆಸ್ಕ್ಯೂ ರಾತ್ರಿಯಿಡೀ ಓಡಿತು. ಬೆಳಿಗ್ಗೆ ನೋಡಿದರೆ ಎಂಟು ಸೆಕ್ಟರ್ ಬಿಟ್ಟು ಉಳಿದದ್ದೆಲ್ಲ ಬಂದಿತ್ತು. ಎಆರ್‌ಜೆ ಬಿಚ್ಚಿದಾಗ ಒಂದೇ ಒಂದು ಫೈಲಿನಲ್ಲಿ ಸಿಆರ್‌ಸಿ ದೋಷ (ಮಾಹಿತಿ ಕೆಟ್ಟಿದೆ ಎಂಬ ಸೂಚನೆ), ಅದು ಯಕ್ಷಗಾನದ ಒಂದು ಫೋಟೋ. ಮೇಲಿನ ಅರ್ಧದಲ್ಲಿ ಕಿರೀಟ ಚೆನ್ನಾಗಿಯೇ ಇದೆ, ಕೆಳಗಿನದು ಬೂದು ಬಣ್ಣ. ಅಪ್ಪನ ಸಂಪಾದಕೀಯ ಪೂರ್ತಿ ಬಂದಿದೆ. ಯುನಿಕೋಡ್ ಅಲ್ಲದ ಶ್ರೀಲಿಪಿ ಎಂಬ ಕನ್ನಡ ಅಕ್ಷರವಿನ್ಯಾಸದಲ್ಲಿದೆ, ಇನ್ನೂ ಓದಲು ಆಗಿಲ್ಲ, ಪುಟದ ಆಕಾರ ಮಾತ್ರ ಕಾಣುತ್ತದೆ.

ತುಂಗಾತೀರ

ಎಆರ್‌ಜೆ ಪ್ರತಿ ತುಂಡನ್ನೂ ಸ್ವತಂತ್ರವಾಗಿ ಕಟ್ಟುತ್ತಿದ್ದುದರ ಫಲ ಇದು. ಒಂದೇ ಮುದ್ದೆಯಾಗಿ ಕುಗ್ಗಿಸಿದ್ದರೆ ನಾಲ್ಕನೆಯ ಫ್ಲಾಪಿಯಿಂದಾಚೆ ಎಲ್ಲವೂ ಹೋಗುತ್ತಿತ್ತು.

ಮೇಷ್ಟರ ಮಗ

ಸಂಪಾದಕೀಯದ ಮೊದಲ ಪ್ಯಾರಾವನ್ನು ಇಲ್ಲಿ ಹಾಕಿ. ಶ್ರೀಲಿಪಿಯಲ್ಲೂ ಹಲವು ಬಗೆಯ ಸಂಕೇತಗಳಿವೆ, ಯಾವುದೆಂದು ನೋಡಿ ಯುನಿಕೋಡ್‌ಗೆ ತಿರುಗಿಸಿ ಇವತ್ತೇ ಕಳಿಸುತ್ತೇನೆ.

ಅಚ್ಚಿನಮನೆ

ಸಂಜೆ ಹಾಕುತ್ತೇನೆ. ಇನ್ನೊಂದು ಸಂಗತಿ. "ದೀಪಾವಳಿ 98" ಸರಣಿಯ ಐದೂ ಫ್ಲಾಪಿಗಳು ಚೆನ್ನಾಗಿ ಓದಿದವು, ಆದರೆ ಬಿಚ್ಚಲು ಹೋದರೆ ಪಾಸ್‌ವರ್ಡ್ ಕೇಳುತ್ತಿದೆ. ಪತ್ರಿಕೆಯ ನೋಂದಣಿ ಸಂಖ್ಯೆ, ನಮ್ಮ ಹಳೆಯ ಸ್ಕೂಟರಿನ ಸಂಖ್ಯೆ, ನನ್ನ ಹುಟ್ಟಿದ ದಿನ ಎಲ್ಲ ಹಾಕಿ ನೋಡಿದೆ, ಯಾವುದೂ ಅಲ್ಲ.

ಕಡತಪ್ರೇಮಿ

ಎಆರ್‌ಜೆಯ ಹಳೆಯ ಪಾಸ್‌ವರ್ಡ್ ಬೀಗ ಬಹಳ ದುರ್ಬಲ. ಒಳಗಿನ ಒಂದು ಫೈಲಿನ ಸ್ವಲ್ಪ ಭಾಗ ಮೊದಲೇ ಗೊತ್ತಿದ್ದರೂ ಮುರಿಯಬಹುದು. ಬೇಕಾದರೆ ನಾನು ಮಾಡಿಕೊಡುತ್ತೇನೆ.

ಅಚ್ಚಿನಮನೆ

ಧನ್ಯವಾದಗಳು. ಈಗಲೇ ಮುರಿಯುವುದು ಬೇಡ. ಅಮ್ಮ ನಾಳೆ ತೀರ್ಥಹಳ್ಳಿಯಿಂದ ಬರುತ್ತಾರೆ, ಮೊದಲು ಅವರನ್ನು ಕೇಳುತ್ತೇನೆ.